ಮಾತು ತಡೆದಿರುವುದು ನಾಲಿಗೆಯಲ್ಲಲ್ಲ

ಪ್ರಶ್ನೆ: ನಾವು ದಾವಣಗೆರೆಯವರು. ಯಜಮಾನರ ಕೆಲಸದ ನಿಮಿತ್ತ ಚೀನಾದ ಗುವಾಂಗ್‌ಝೌ ನಗರದಲ್ಲಿದ್ದೇವೆ. ಮಗನಿಗೆ ನಾಲ್ಕೂವರೆ ವರ್ಷ. ಮೂರು ತುಂಬಿದಾಗ ಆಟಿಸಂ ಎಂದು ಗೊತ್ತಾಯಿತು. ಇಪ್ಪತ್ತೈದು ಮೂವತ್ತು ಪದ ಹೇಳುತ್ತಾನೆ, ಆದರೆ ಏನಾದರೂ ಬೇಕಾದರೆ ಬಾಯಿಬಿಟ್ಟು ಕೇಳುವುದಿಲ್ಲ, ಕೈ ಹಿಡಿದು ಎಳೆಯುತ್ತಾನೆ. ರಾತ್ರಿ ಎರಡಕ್ಕೆ ಎದ್ದು ಕೂರುತ್ತಾನೆ. ವಾರಕ್ಕೆ ಐದು ದಿನ ತರಬೇತಿ ಕೇಂದ್ರಕ್ಕೆ ಹೋಗುತ್ತಿದ್ದಾನೆ. ಇಲ್ಲಿನ ಚೀನೀ ವೈದ್ಯ ಪದ್ಧತಿಯ ಆಸ್ಪತ್ರೆಯಲ್ಲಿ ತಲೆಗೂ ನಾಲಿಗೆಗೂ ಸೂಜಿ (ಅಕ್ಯುಪಂಕ್ಚರ್) ಹಾಕಬೇಕು, ಒಟ್ಟು ಅರವತ್ತು ಸಲ, ಜೊತೆಗೆ ದಿನಕ್ಕೆರಡು ಪೊಟ್ಟಣ ಪುಡಿ ಎಂದಿದ್ದಾರೆ. ಅವರ ವರದಿಯನ್ನು ಮೊಬೈಲಿನಲ್ಲಿ ಅನುವಾದಿಸಿ ನೋಡಿದರೆ ‘ಮೂತ್ರಪಿಂಡ ದುರ್ಬಲ, ಹೃದಯದ ಕಿಂಡಿ ಮುಚ್ಚಿದೆ’ ಎಂದಿತ್ತು. ಹೆದರಿ ಮೂತ್ರಪಿಂಡದ ಸ್ಕ್ಯಾನ್ ಮಾಡಿಸಿದೆವು, ಸರಿಯಾಗಿದೆ ಎಂದರು. ಸಾವಿರಾರು ವರ್ಷದ ವಿದ್ಯೆ ಸುಳ್ಳಾಗಲಾರದು ಎನ್ನುತ್ತಾರೆ ಯಜಮಾನರು. ಎಳೆತನದಲ್ಲಿ ಬಜೆ ತೇದು ನೆಕ್ಕಿಸದೆ ಹೀಗಾಯಿತು ಎನ್ನುತ್ತಾರೆ ಅತ್ತೆ. ಮನೆಯಲ್ಲಿ ಕನ್ನಡ ಬಿಟ್ಟು ಒಂದೇ ಭಾಷೆ ಮಾತನಾಡಿ ಎಂದು ಇನ್ಯಾರೋ ಹೇಳಿದರು. ಮುಂದಿನ ತಿಂಗಳು ಸೂಜಿ ಶುರುವಾಗಬೇಕು. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಜನರ ಮಾತಿದೆ. ಆಸ್ಪತ್ರೆಯದು, ಯಜಮಾನರದು, ಅತ್ತೆಯದು, ಆ ‘ಇನ್ಯಾರೋ’ ಒಬ್ಬರದು. ನಿಮ್ಮ ಅಂಜಿಕೆ ಮಾತ್ರ ಒಂದೇ: ಮಾಡಿಸಿದರೆ ಮಗುವಿಗೆ ತೊಂದರೆಯಾದೀತೇ, ಮಾಡಿಸದೆ ಬಿಟ್ಟರೆ ಒಂದು ಅವಕಾಶ ಕೈತಪ್ಪೀತೇ? ಎರಡನೆಯದೇ ತಾಯಂದಿರ ನಿದ್ದೆ ಕೆಡಿಸುವುದು. ಇಪ್ಪತ್ತು ವರ್ಷಗಳಿಂದ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನೇ ನೋಡುತ್ತಿರುವ ನನ್ನ ಮುಂದೆ ಈ ಪ್ರಶ್ನೆ ಸೂಜಿಯ ರೂಪದಲ್ಲಿ, ಮಕ್ಕಳ ಬಾಯಿಗೆ ಹಾಕುವ ಸ್ವರ್ಣಬಿಂದುವಿನ ರೂಪದಲ್ಲಿ, ಹರಕೆಯ ರೂಪದಲ್ಲಿ ಬಂದು ಕೂತಿದೆ.

ಮೊದಲು ಆ ವರದಿಯ ವಿಷಯ. ಚೀನೀ ವೈದ್ಯರು ‘ಮೂತ್ರಪಿಂಡ’ ಎನ್ನುವಾಗ ಸ್ಕ್ಯಾನಿನಲ್ಲಿ ಕಾಣುವ ಅಂಗವನ್ನು ಹೇಳುತ್ತಿಲ್ಲ. ಅವರ ಶಾಸ್ತ್ರದಲ್ಲಿ ಹುಟ್ಟಿನಿಂದ ಬಂದ ಸತ್ತ್ವದ ಉಗ್ರಾಣ ಅದು. ಆ ಸತ್ತ್ವದಿಂದ ಮಜ್ಜೆ, ಮಜ್ಜೆಯ ಕಡಲೇ ಮಿದುಳು ಎಂಬುದು ಅವರ ಎಣಿಕೆ. ನಿಲ್ಲುವುದು, ನಡೆಯುವುದು, ಕೂದಲು, ಹಲ್ಲು, ಮಾತು ಈ ಐದು ತಡವಾದರೆ ‘ಐದು ತಡಗಳು’ ಎಂದು ಕರೆದು ಈ ಸತ್ತ್ವದ ಕೊರತೆ ಎಂದು ಬರೆಯುತ್ತಾರೆ. ಹಾಗೆಯೇ ‘ಹೃದಯ’ ಎಂದರೆ ಮನಸ್ಸು, ಎಚ್ಚರ, ಅರಿವು ನೆಲೆಸಿರುವ ಮನೆ; ನಾಲಿಗೆ ಆ ಹೃದಯದ ಮೊಳಕೆ. ಕಫ ಹೃದಯದ ಕಿಂಡಿಗೆ ಮುಸುಕು ಹಾಕಿದರೆ ಮಾತು ಹೊರಡದು, ಕಣ್ಣಿಗೆ ಕಣ್ಣು ಕೂಡದು ಎಂಬುದು ತರ್ಕ. ನಮ್ಮ ಕಡೆ ವಾತ, ಪಿತ್ತ ಎಂದಾಗ ಗಾಳಿಯನ್ನೂ ಹಳದಿ ರಸವನ್ನೂ ಮಾತ್ರ ಹೇಳುವುದಿಲ್ಲವಲ್ಲ, ಇದೂ ಹಾಗೆಯೇ. ಮೊಬೈಲಿನ ಅನುವಾದಕ್ಕೆ ಈ ವ್ಯತ್ಯಾಸ ತಿಳಿಯದು. ಹಾಗಾಗಿ ನಿಮ್ಮ ಮಗನ ಮೂತ್ರಪಿಂಡವೂ ಹೃದಯವೂ ಚೆನ್ನಾಗಿವೆ ಎಂದೇ ತಿಳಿದು ಈ ಚಿಂತೆಯನ್ನು ಇಲ್ಲಿಗೇ ಬಿಡಿ.

ಇನ್ನು ‘ಸಾವಿರಾರು ವರ್ಷದ ವಿದ್ಯೆ’. ಚೀನೀ ಮಕ್ಕಳ ವೈದ್ಯ ನಿಜಕ್ಕೂ ಹಳೆಯದು. ಸಾಂಗ್ ಅರಸರ ಕಾಲದ ಚಿಯಾನ್ ಯಿ ಎಂಬ ವೈದ್ಯರ ಪಾಠಗಳನ್ನು 1119ರಲ್ಲೇ ಗ್ರಂಥವಾಗಿ ಹೊರತಂದಿದ್ದರು. ಅದರಲ್ಲಿನ ಒಂದು ಗುಳಿಗೆ ಇಂದಿಗೂ ಅಂಗಡಿಗಳಲ್ಲಿ ಸಿಗುತ್ತದೆ. ಆದರೆ ಆಟಿಸಂ ಎಂಬ ಗುರುತು ಬಂದದ್ದು 1943ರಲ್ಲಿ, ಅಮೆರಿಕದಲ್ಲಿದ್ದ ಲಿಯೋ ಕ್ಯಾನರ್ ಅವರಿಂದ. ಚೀನಾದಲ್ಲಿ ಅದನ್ನು ಮೊದಲು ಗುರುತಿಸಿ ಬರೆದದ್ದು ನಾನ್‌ಜಿಂಗ್‌ನ ಮನೋವೈದ್ಯ ತಾವ್ ಗುವೊಥಾಯಿ, 1982ರಲ್ಲಿ, ನಾಲ್ಕೇ ನಾಲ್ಕು ಮಕ್ಕಳಲ್ಲಿ. ಅದಕ್ಕೂ ಹಿಂದೆ ಇಂಥ ಮಕ್ಕಳು ಇರಲಿಲ್ಲವೆಂದಲ್ಲ, ಇಂಥ ಮಕ್ಕಳಿಗೆಂದು ಬೇರೆಯಾದ ಹೆಸರಿರಲಿಲ್ಲ. ಹೆಸರಿಲ್ಲದ ಮೇಲೆ ಪರೀಕ್ಷಿಸಿ ನೋಡಿದ ಚಿಕಿತ್ಸೆ ಎಲ್ಲಿಂದ ಬರಬೇಕು? ನೀವೀಗ ಇರುವ ಊರಿನಲ್ಲೇ ಹೆಸರಾದ ‘ಜಿನ್ ಮೂರು ಸೂಜಿ’ ಪದ್ಧತಿ, ನೆತ್ತಿಯ ಸುತ್ತ ನಾಲ್ಕು ದಿಕ್ಕಿಗೆ ನಾಲ್ಕು ಸೂಜಿ ಇಡುವುದೂ ಅದರೊಳಗಿನದೇ, ಗುವಾಂಗ್‌ಝೌ ಚೀನೀ ವೈದ್ಯ ವಿಶ್ವವಿದ್ಯಾಲಯದ ಜಿನ್ ರುಯಿ ಅವರು ಕಳೆದ ಶತಮಾನದಲ್ಲಿ ಜೋಡಿಸಿದ್ದು. ಸೂಜಿ ಹಳೆಯದು, ಆಟಿಸಂಗೆ ಅದನ್ನು ಬಳಸುವುದು ನಿಮ್ಮ ಯಜಮಾನರಷ್ಟೇ ಹೊಸದು.

ಈಗ ಅತ್ತೆಯವರ ಬಜೆ. ಬೇಕೆಂದೇ ಅದನ್ನು ಇಲ್ಲಿಗೆ ತಂದೆ. ನಿಮ್ಮ ಕೈಗೆ ಬರಲಿರುವ ಪುಡಿಯಲ್ಲಿ ‘ಶೀ ಛಾಂಗ್ ಪು’ ಎಂಬ ಹೆಸರಿರುವ ಸಾಧ್ಯತೆ ಹೆಚ್ಚು. ‘ಕಿಂಡಿ ತೆರೆಯುವ’ ಮದ್ದುಗಳಲ್ಲಿ ಅದಕ್ಕೇ ಮೊದಲ ಮಣೆ. ಅದು ಬೇರೆ ಯಾವುದೂ ಅಲ್ಲ, ನಮ್ಮ ಬಜೆಯ ಒಡಹುಟ್ಟು, ಒಂದೇ ಕುಲದ ಬೇರು. ಸಾಣೆಕಲ್ಲಿನ ಮೇಲೆ ತೇದ ಬಜೆಯನ್ನು ಬೆರಳ ತುದಿಯಿಂದ ಕೂಸಿನ ನಾಲಿಗೆಗೆ ಸವರುವ ದಾವಣಗೆರೆಯ ಅಜ್ಜಿಯೂ ಗುವಾಂಗ್‌ಝೌವಿನ ವೈದ್ಯರೂ ಒಬ್ಬರನ್ನೊಬ್ಬರು ಕಂಡವರಲ್ಲ, ಆದರೂ ಒಂದೇ ಗಿಡದ ಬುಡಕ್ಕೆ ಬಂದಿದ್ದಾರೆ. ಇಬ್ಬರ ಊಹೆಯೂ ಒಂದೇ: ನಾಲಿಗೆ ದಪ್ಪವಾಗಿದೆ, ಹೊರಳುತ್ತಿಲ್ಲ, ಹೊರಳಿಸಿದರೆ ಮಾತು ಬರುತ್ತದೆ.

ಆದರೆ ನಿಮ್ಮ ಮಗನ ನಾಲಿಗೆ ಹೊರಳುತ್ತಿದೆ. ಇಪ್ಪತ್ತೈದು ಪದ ಹೇಳಿದವನ ನಾಲಿಗೆಯಲ್ಲಿ ಯಾವ ಕಟ್ಟೂ ಇಲ್ಲ. ‘ನೀರು’ ಎಂಬ ಪದ ಬಾಯಲ್ಲಿದ್ದೂ ಬಾಯಾರಿದಾಗ ನಿಮ್ಮ ಮಣಿಕಟ್ಟು ಹಿಡಿದು ಅಡುಗೆಮನೆಗೆ ಎಳೆಯುತ್ತಾನಲ್ಲ, ಅಲ್ಲಿ ಕಾಣದಿರುವುದು ಪದವಲ್ಲ, ಆ ಪದವನ್ನು ಇನ್ನೊಬ್ಬರ ಕಡೆಗೆ ಎಸೆದರೆ ಅವರು ಹಿಡಿಯುತ್ತಾರೆ ಎಂಬ ತಿಳಿವು. ಅದು ಮಿದುಳು ಬೆಳೆಯುವ ಬಗೆಗೆ ಸೇರಿದ ಸಂಗತಿ. ಬಹುಮಟ್ಟಿಗೆ ವಂಶವಾಹಿಗಳಿಂದ, ಮಗು ಇನ್ನೂ ಹೊಟ್ಟೆಯಲ್ಲಿರುವಾಗಲೇ ಅದರ ಬುನಾದಿ ಬಿದ್ದಿರುತ್ತದೆ. ಬಜೆ ನೆಕ್ಕಿಸದ್ದಕ್ಕೂ ಅದಕ್ಕೂ ಯಾವ ನಂಟೂ ಇಲ್ಲ. ನಾಲಿಗೆಗೆ ಸೂಜಿ ಹಾಕುವುದನ್ನು ಹಾಂಗ್‌ಕಾಂಗ್‌ನ ವೈದ್ಯರು 2001ರಲ್ಲಿ ನರದೋಷದಿಂದ ಜೊಲ್ಲು ನಿಲ್ಲದ ಮಕ್ಕಳಲ್ಲಿ ನೋಡಿ ವರದಿ ಮಾಡಿದ್ದರು. ಜೊಲ್ಲು ಬಾಯಿಯ ಸ್ನಾಯುಗಳ ವ್ಯವಹಾರ, ಅಲ್ಲಿ ನಾಲಿಗೆಗೆ ಏನಾದರೂ ಮಾಡಿ ನೋಡಬೇಕೆನಿಸುವುದು ಅರ್ಥವಾಗುತ್ತದೆ. ಸಂವಹನ ಸ್ನಾಯುವಿನದಲ್ಲ. ಅತ್ತೆಯವರ ಮುಂದೆ ಈ ಪ್ಯಾರಾವನ್ನು ಗಟ್ಟಿಯಾಗಿ ಓದಿ, ನನ್ನ ಹೆಸರು ಹೇಳಿಕೊಂಡು.

ಪ್ರಯೋಗಗಳು ಏನು ಹೇಳುತ್ತವೆ? 2011ರಲ್ಲಿ, ಚಿಕಿತ್ಸೆಗಳಿಗಿರುವ ಆಧಾರವನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ಪರವಾಗಿ ಹಾಂಗ್‌ಕಾಂಗ್‌ನ ವೈದ್ಯರೇ ಸೇರಿ ಅಲ್ಲಿಯವರೆಗಿನ ಪ್ರಯೋಗಗಳನ್ನು ಒಟ್ಟು ಹಾಕಿ ತೂಗಿದರು. ಹತ್ತು ಪ್ರಯೋಗ, 390 ಮಕ್ಕಳು. ಚುಚ್ಚಿದಂತೆ ಮಾಡುವ ಸುಳ್ಳು ಸೂಜಿಯ ಪಕ್ಕದಲ್ಲಿ ನಿಜ ಸೂಜಿಯನ್ನಿಟ್ಟು ನೋಡಿದಾಗ ಆಟಿಸಂನ ಮುಖ್ಯ ಲಕ್ಷಣಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಭಾಷೆ, ಗ್ರಹಿಕೆಯ ಕೆಲವು ಅಳತೆಗಳಲ್ಲಿ ಚೂರುಪಾರು ಲಾಭ ಕಂಡಿತು. ಒಟ್ಟಾರೆ ಆಟಿಸಂಗೆ ಸೂಜಿಯನ್ನು ಸಮರ್ಥಿಸುವಷ್ಟು ಆಧಾರವಿಲ್ಲ ಎಂದೇ ಬರೆದರು. ಅದೇ ಊರಿನಲ್ಲಿ 2010ರಲ್ಲಿ ವಿದ್ಯುತ್ ಹಾಯಿಸುವ ಸೂಜಿಯನ್ನು 55 ಮಕ್ಕಳಲ್ಲಿ ನಾಲ್ಕು ವಾರ, ಹನ್ನೆರಡು ಸಲ ಪ್ರಯೋಗಿಸಿದ್ದರು; ಮಾತು ಅರಿಯುವುದರಲ್ಲಿ, ತನ್ನ ಕೆಲಸ ತಾನು ಮಾಡಿಕೊಳ್ಳುವುದರಲ್ಲಿ ಸ್ವಲ್ಪ ಮೇಲುಗೈ ಕಂಡಿತ್ತು. 55 ಮಕ್ಕಳು, ನಾಲ್ಕು ವಾರ ಎಂದರೆ ಕುತೂಹಲ ಹುಟ್ಟಿಸಲು ಸಾಕು, ಅರವತ್ತು ಸಲದ ಬಿಲ್ಲಿಗೆ ಸಹಿ ಹಾಕಲು ಸಾಲದು.

ಆಸ್ಪತ್ರೆಯವರು ಚೀನೀ ಭಾಷೆಯ ಇನ್ನೂ ಹಲವು ಪ್ರಯೋಗಗಳನ್ನು ತೋರಿಸಿಯಾರು, ಎಲ್ಲವೂ ಗೆದ್ದವು. ಅಲ್ಲೇ ನನಗೆ ಅನುಮಾನ. 1998ರಲ್ಲಿ ಬ್ರಿಟನ್ನಿನ ಸಂಶೋಧಕರು ದೇಶದೇಶಗಳ ಅಕ್ಯುಪಂಕ್ಚರ್ ಪ್ರಯೋಗಗಳನ್ನು ಹರವಿ ನೋಡಿದಾಗ ಚೀನಾದಿಂದ ಬಂದ ಒಂದೊಂದೂ ಗೆದ್ದಿತ್ತು. ಒಂದೂ ಸೋಲದ ಪಂದ್ಯಾವಳಿಯನ್ನು ನೀವು ನಂಬುತ್ತೀರಾ? ಇಂಥ ಬಹುಪಾಲು ಪ್ರಯೋಗಗಳಲ್ಲಿ ಸೂಜಿಯ ಜೊತೆಗೆ ತರಬೇತಿಯೂ ಇರುತ್ತದೆ, ಯಾರಿಗೆ ಸೂಜಿ ಹಾಕಿದ್ದಾರೆಂದು ಅಪ್ಪ ಅಮ್ಮನಿಗೆ ಗೊತ್ತಿರುತ್ತದೆ, ಮಗು ಸುಧಾರಿಸಿತೇ ಎಂದು ಅವರನ್ನೇ ಕೇಳುತ್ತಾರೆ.

ಇದನ್ನು ಚೀನಾದ ಮೇಲಿನ ದೂರು ಎಂದು ಓದಬೇಡಿ. ಅಮೆರಿಕದಲ್ಲೂ 1998ರಲ್ಲಿ ಸೆಕ್ರೆಟಿನ್ ಎಂಬ ಹಾರ್ಮೋನಿನ ಚುಚ್ಚುಮದ್ದಿನಿಂದ ಮೂರು ಮಕ್ಕಳು ಮಾತು ಕಲಿತರು ಎಂಬ ವರದಿ ಬಂದು ಸಾವಿರಾರು ತಂದೆತಾಯಿಗಳು ಸಾಲುಗಟ್ಟಿದ್ದರು. ಮರುವರ್ಷ ಸರಿಯಾಗಿ ಪರೀಕ್ಷಿಸಿದಾಗ ಬರೀ ಉಪ್ಪುನೀರು ಚುಚ್ಚಿಸಿಕೊಂಡ ಮಕ್ಕಳೂ ಅಷ್ಟೇ ಸುಧಾರಿಸಿದ್ದರು. ನಾಲ್ಕೂವರೆಯ ಮಗು ಹೇಗೂ ಬೆಳೆಯುತ್ತಿರುತ್ತದೆ. ಆರು ತಿಂಗಳಲ್ಲಿ ಹೊಸ ಹತ್ತು ಪದ ಬಂದರೆ ಆ ಆರು ತಿಂಗಳಲ್ಲಿ ಕೊಟ್ಟ ದುಡ್ಡಿಗೇ ನಾವು ಅದರ ಕೀರ್ತಿ ಕೊಡುತ್ತೇವೆ.

ಸೂಜಿಯ ಅಪಾಯ ನೀವು ಅಂದುಕೊಂಡಷ್ಟಿಲ್ಲ. ತಲೆಯ ಸೂಜಿ ಕೂದಲಿನಷ್ಟು ಸಣ್ಣದು, ಚರ್ಮದ ಕೆಳಗೆ ಓರೆಯಾಗಿ ಹೋಗುತ್ತದೆ, ಬುರುಡೆಯನ್ನು ದಾಟುವುದಿಲ್ಲ. ಅಲ್ಲಿನ ಆಸ್ಪತ್ರೆಗಳಲ್ಲಿ ತಲೆಯ ತುಂಬ ಸೂಜಿ ಸಿಕ್ಕಿಸಿಕೊಂಡೇ ಮಕ್ಕಳು ಬ್ಲಾಕ್ ಜೋಡಿಸುತ್ತ ಕೂರುವ ನೋಟ ಸಾಮಾನ್ಯ. ಚೂರು ರಕ್ತ, ನೋವು, ಒಮ್ಮೊಮ್ಮೆ ತಲೆಸುತ್ತು, ಸೂಜಿ ಹೊಸದಲ್ಲದಿದ್ದರೆ ಸೋಂಕು. ಫಿಟ್ಸ್ ಬಂದ ಮಗುವಾದರೆ ವಿದ್ಯುತ್ ಸೂಜಿ ಬೇಡವೇ ಬೇಡ. ಆಟಿಸಂ ಇರುವ ಮಕ್ಕಳಲ್ಲಿ ಫಿಟ್ಸ್ ಇತರರಿಗಿಂತ ಹೆಚ್ಚು, ಇದನ್ನು ಅವರಿಗೆ ಮರೆಯದೆ ಹೇಳಿ.

ನನಗೆ ಚಿಂತೆ ಇರುವುದು ಬೇರೆ ಕಡೆ. ಕೂದಲು ಕತ್ತರಿಸುವಾಗ, ಉಗುರು ತೆಗೆಯುವಾಗ ನಿಮ್ಮ ಮಗ ಹೇಗಿರುತ್ತಾನೆ? ಇಂಥ ಮಕ್ಕಳಲ್ಲಿ ಹಲವರಿಗೆ ಅಂಗಿಯ ಪಟ್ಟಿ ಕೊರಳಿಗೆ ತಾಗಿದರೂ ಉರಿ. ಅಂಥವನನ್ನು ಅಪ್ಪ ಕಾಲು ಹಿಡಿದು, ಅಮ್ಮ ಕೈ ಹಿಡಿದು, ನರ್ಸ್ ದವಡೆ ಅದುಮಿ ನಾಲಿಗೆ ಎಳೆದು ಚುಚ್ಚುವುದು, ಅದೂ ಅರವತ್ತು ಸಲ. ಹದಿನೈದನೆಯ ಸಲಕ್ಕೆ ಅಳು ನಿಲ್ಲುತ್ತದೆ, ‘ನೋಡಿ, ಒಗ್ಗಿಕೊಂಡ’ ಎನ್ನುತ್ತಾರೆ. ಒಗ್ಗಿದ್ದಲ್ಲ ಅದು, ಅತ್ತರೆ ಯಾರೂ ಕೇಳುವುದಿಲ್ಲ ಎಂದು ಕಲಿತದ್ದು. ಇನ್ನೊಬ್ಬರಿಗೆ ಹೇಳಿದರೆ ಕೆಲಸವಾಗುತ್ತದೆ ಎಂಬುದನ್ನು ಕಲಿಸಲು ನಾವು ಹೆಣಗುತ್ತಿರುವ ಮಗುವಿಗೆ ಇದು ತಲೆಕೆಳಗಾದ ಪಾಠ. ಯಾವ ಪ್ರಯೋಗದ ಕೋಷ್ಟಕದಲ್ಲೂ ಇದಕ್ಕೊಂದು ಕಾಲಂ ಇರುವುದಿಲ್ಲ.

ಪುಡಿಯ ವಿಷಯದಲ್ಲಿ ನಾನು ಇಷ್ಟೂ ಸಡಿಲ ಬಿಡುವುದಿಲ್ಲ. ಕೆಲವು ವರ್ಷಗಳ ಹಿಂದೆ ಹೊರದೇಶದಿಂದ ಬಂದ ಒಂದು ಕುಟುಂಬ ಮಗುವಿನ ‘ಮನಸ್ಸು ತಣಿಸುವ’ ಗುಳಿಗೆಗಳನ್ನು ನನ್ನ ಮೇಜಿನ ಮೇಲಿಟ್ಟಿತು. ಹೊರಪದರ ಕೆಂಪು, ಬೆರಳಿಗೆ ಹತ್ತಿದ್ದು ಒರೆಸಿದರೂ ಹೋಗದೆ ಕುಂಕುಮದಂತೆ ಉಳಿಯಿತು. ಚೀನೀ ಬಲ್ಲವರಿಂದ ಚೀಟಿ ಓದಿಸಿದಾಗ ‘ಝೂ ಶಾ’ ಎಂದಿತ್ತು, ಅಂದರೆ ನಮ್ಮ ಹಿಂಗುಳ, ಪಾದರಸ ಗಂಧಕ ಕೂಡಿದ ಅದಿರು. ಆ ತಾಯಿ ಅದನ್ನು ನಾಲ್ಕು ತಿಂಗಳು ಜೇನಿನಲ್ಲಿ ಕಲಸಿ ಕೊಟ್ಟಿದ್ದರು. ನಿದ್ದೆಗೆಂದು ಕೊಡುವ ಹಳೆಯ ಔಷಧಯೋಗಗಳಲ್ಲಿ ಇದು ಇಂದಿಗೂ ಸಿಗುತ್ತದೆ. ಬಜೆಯೂ ನಿರಪಾಯವೇನಲ್ಲ. ಅದರಲ್ಲಿರುವ ಬೀಟಾ ಅಸರೋನ್ ಎಂಬ ಅಂಶದಿಂದ ಇಲಿಗಳಲ್ಲಿ ಗಡ್ಡೆಗಳಾದವೆಂದು ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿತು. ಚೀನೀ ಬಜೆಯಲ್ಲೂ ಅದು ಇದೆ. ಗೋಧಿ, ಜೇಷ್ಠಮಧು, ಚೀನೀ ಎಲಚಿ ಹಣ್ಣು ಸೇರಿಸಿ ಕುದಿಸುವ ಕಷಾಯದಂಥವು ಸೌಮ್ಯ, ನಿಜ. ಅದರಲ್ಲೂ ಜೇಷ್ಠಮಧು ದಿನವೂ ತಿಂಗಳುಗಟ್ಟಲೆ ಒಳಗೆ ಹೋದರೆ ರಕ್ತದಲ್ಲಿನ ಪೊಟ್ಯಾಸಿಯಂ ಇಳಿದು ರಕ್ತದೊತ್ತಡ ಏರಬಹುದು. ಮಗನಿಗೆ ಸಿಡುಕಿಗೆಂದು ರಿಸ್ಪೆರಿಡೋನ್ ಅಥವಾ ಫಿಟ್ಸ್ ಮಾತ್ರೆ ಏನಾದರೂ ನಡೆಯುತ್ತಿದ್ದರೆ ಅದರ ಮೇಲೆ ಹತ್ತು ಹನ್ನೆರಡು ಬೇರುಗಳ ಪುಡಿ ಸುರಿಯುವುದು ಕತ್ತಲಲ್ಲಿ ಕಲ್ಲೆಸೆದಂತೆ. ಪುಡಿ ಬೇಡ ಎಂಬುದು ನನ್ನ ಸಲಹೆ. ಯಜಮಾನರು ಒಪ್ಪದಿದ್ದರೆ ಒಂದೊಂದು ವಸ್ತುವಿನ ಹೆಸರೂ ತೂಕವೂ ಇರುವ ಚೀಟಿಯನ್ನು ಆಸ್ಪತ್ರೆಯಿಂದ ಬರೆಸಿಕೊಂಡು ನಿಮ್ಮ ಮಕ್ಕಳ ವೈದ್ಯರಿಗೆ ಮೊದಲು ತೋರಿಸಿ. ಚೀಟಿ ಕೊಡುವುದಿಲ್ಲ, ಅದು ಗುಟ್ಟು ಎಂದರೆ ಅಲ್ಲಿಂದ ಎದ್ದು ಬನ್ನಿ.

ಹಾಗಾದರೆ ಚೀನೀ ಪದ್ಧತಿಯಲ್ಲಿ ನಿಮಗೆ ದಕ್ಕುವುದು ಏನೂ ಇಲ್ಲವೇ? ಒಂದಿದೆ, ಅದಕ್ಕೆ ಆಸ್ಪತ್ರೆಯೂ ಬೇಡ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಲೂಯಿಸಾ ಸಿಲ್ವಾ ಎಂಬ ವೈದ್ಯೆ ಚೀನಾದ ಚಿಗಾಂಗ್ ಮಾಲೀಸನ್ನು ತಂದೆತಾಯಿಗಳಿಗೇ ಕಲಿಸಿ, ದಿನಕ್ಕೆ ಹದಿನೈದು ನಿಮಿಷದಂತೆ ಐದು ತಿಂಗಳು ಮಾಡಿಸಿ ಹಲವು ಅಧ್ಯಯನ ನಡೆಸಿದರು. ಮುಟ್ಟಿದರೆ ಸೆಟೆಯುವುದು ಕಡಿಮೆಯಾಯಿತು, ನಿದ್ದೆ ಸುಧಾರಿಸಿತು, ತಂದೆತಾಯಿಗಳ ಬೇಗುದಿ ಇಳಿಯಿತು ಎಂದು ಬರೆದರು. ಇವು ಬಹುಮಟ್ಟಿಗೆ ಆ ಒಂದೇ ತಂಡದ ಅಧ್ಯಯನಗಳು. ಸುಳ್ಳು ಸೂಜಿಯಂತೆ ಸುಳ್ಳು ಮಾಲೀಸು ಮಾಡುವುದೂ ಕಷ್ಟ. ಹಾಗಾಗಿ ಇದು ಸಾಬೀತಾಯಿತು ಎನ್ನಲಾರೆ. ಆದರೆ ಮಗುವಿಗೆ ಹಿತವಾದರೆ ಕಳೆದುಕೊಳ್ಳುವುದು ಏನೂ ಇಲ್ಲ, ಬೇಡವೆಂದು ಕಾಲೆಳೆದುಕೊಂಡರೆ ಆ ಕ್ಷಣವೇ ನಿಲ್ಲಿಸಬಹುದು. ಸೂಜಿಗೆ ಈ ಗುಣವಿಲ್ಲ. ಸಾಸಿವೆಯಷ್ಟು ದೊಡ್ಡ ಬೀಜವನ್ನು ಕಿವಿಗೆ ಪಟ್ಟಿ ಹಾಕಿ ಅಂಟಿಸುವ ವಿಧಾನವೂ ಅಲ್ಲಿದೆ. ಕಿತ್ತು ಬಾಯಿಗೋ ಮೂಗಿಗೋ ತುರುಕಿಕೊಳ್ಳುವ ವಯಸ್ಸಿದು, ಬಿಡಿ.

ರಾತ್ರಿ ಎರಡಕ್ಕೆ ಏಳುವುದಕ್ಕೆ ಬೇರೆಯೇ ಕಾರಣ ಹುಡುಕಿ. ಮಲಬದ್ಧತೆ, ಹಲ್ಲು ಹುಳುಕು, ಗೊರಕೆ, ಕಬ್ಬಿಣಾಂಶದ ಕೊರತೆ, ಇವನ್ನು ಬಾಯಿಬಿಟ್ಟು ಹೇಳಲಾಗದ ಮಗು ಹೇಳುವುದು ನಿದ್ದೆ ಬಿಟ್ಟೇ. ಒಂದು ರಕ್ತಪರೀಕ್ಷೆ, ಒಮ್ಮೆ ದಂತವೈದ್ಯರ ಭೇಟಿ ಸಾಕು. ಮೊಬೈಲ್ ಬೆಳಕು ಸಂಜೆ ಏಳಕ್ಕೆ ಆರಲಿ. ಇಷ್ಟಾದರೂ ಆಗದಿದ್ದರೆ ನಿದ್ದೆಗೆ ನೆರವಾಗುವ ಮೆಲಟೋನಿನ್ ಎಂಬ ಹಾರ್ಮೋನಿನ ಬಗ್ಗೆ ಮಕ್ಕಳ ವೈದ್ಯರನ್ನು ಕೇಳಿ.

ಮಾತಿನ ಮಟ್ಟಿಗೆ ನಾವು ನಂಬುವುದು ಮನೆಯವರ ಮೂಲಕ ನಡೆಯುವ ಸಂವಹನ ತರಬೇತಿಯನ್ನು. ಇದಕ್ಕೂ ದೂರ ಹೋಗಬೇಕಿಲ್ಲ. ನಮ್ಮ ಪಕ್ಕದ ಗೋವಾದಲ್ಲಿ ಹಾಗೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರೇ ಮನೆಗೆ ಹೋಗಿ ತಾಯಿ ಮಗು ಆಡುವುದನ್ನು ವಿಡಿಯೊ ಮಾಡಿ, ಅದನ್ನೇ ತಾಯಿಗೆ ತೋರಿಸಿ ಕಲಿಸಿದರು. ಮಕ್ಕಳು ತಾವಾಗಿಯೇ ಮಾತಿಗೆ ಮುಂದಾಗುವುದು ಹೆಚ್ಚಿತು. ಎಲ್ಲ ಅಳತೆಯಲ್ಲೂ ಲಾಭ ಸಿಗಲಿಲ್ಲ, ಪವಾಡವೂ ಆಗಲಿಲ್ಲ. ಚೀನಾದಲ್ಲೇ 1993ರಲ್ಲಿ ತಿಯಾನ್ ಹುಯಿಪಿಂಗ್ ಎಂಬ ತಾಯಿ, ತನ್ನ ಮಗನಿಗೆ ಎಲ್ಲೂ ನೆಲೆ ಸಿಗದೆ, ಬೀಜಿಂಗ್‌ನಲ್ಲಿ ‘ನಕ್ಷತ್ರ ಮಳೆ’ ಎಂಬ ಸಂಸ್ಥೆ ಕಟ್ಟಿ ತಂದೆತಾಯಿಗಳಿಗೇ ತರಬೇತಿ ಕೊಡತೊಡಗಿದರು. ಅಲ್ಲಿ ಇಂಥ ಮಕ್ಕಳನ್ನು ‘ನಕ್ಷತ್ರದ ಮಕ್ಕಳು’ ಎನ್ನುತ್ತಾರೆ. ಬೇಕಾದುದರ ಚಿತ್ರ ತೋರಿಸಿ ಕೇಳುವುದನ್ನು ಮಗುವಿಗೆ ಕಲಿಸಿದರೆ ಮಾತು ಬಾರದೆ ಹೋಗುತ್ತದೆ ಎಂದು ಹೆದರಬೇಡಿ, ಹಾಗೇನೂ ಆಗುವುದಿಲ್ಲ. ಎರಡು ಭಾಷೆ ಕೇಳಿದ ಮಾತ್ರಕ್ಕೆ ಆಟಿಸಂ ಇರುವ ಮಗುವಿನ ಮಾತು ಇನ್ನಷ್ಟು ತಡವಾಗುವುದೂ ಇಲ್ಲ. ನಿಮಗೆ ಲಾಲಿ ಹಾಡಲು, ಗದರಲು, ಮುದ್ದಿಸಲು ಬರುವುದು ಕನ್ನಡದಲ್ಲಿ. ಅದನ್ನು ಕಿತ್ತುಕೊಂಡರೆ ಮಗುವಿಗೆ ಉಳಿಯುವುದು ತಡವರಿಸುವ ತಾಯಿ.

ಇಷ್ಟೆಲ್ಲ ಓದಿಯೂ ‘ಒಮ್ಮೆ ನೋಡೇ ಬಿಡೋಣ’ ಎಂದು ಯಜಮಾನರಿಗೆ ಅನಿಸಿದರೆ ನಾನು ಅಡ್ಡ ಬರುವುದಿಲ್ಲ, ಶರತ್ತುಗಳಿವೆ. ನಾಲಿಗೆಯ ಸೂಜಿ ಬೇಡ. ತಲೆಯ ಸೂಜಿ ಮಾತ್ರ, ಹನ್ನೆರಡೇ ಸಲ. ಅರವತ್ತರ ಹಣವನ್ನು ಒಟ್ಟಿಗೆ ಕಟ್ಟಬೇಡಿ. ಹಿಡಿದು ಅದುಮಬೇಕಾಗಿ ಬಂದರೆ ಅಂದೇ ಕೊನೆ. ತರಬೇತಿಯ ಒಂದು ಗಂಟೆಯೂ ಇದಕ್ಕಾಗಿ ಕಡಿತವಾಗಬಾರದು. ಆಸ್ಪತ್ರೆಗೆ ಹೋಗಿ ಬರಲು ಹಿಡಿಯುವ ಅರ್ಧ ದಿನವನ್ನೂ ಲೆಕ್ಕ ಹಾಕಿ, ನನ್ನ ಅನುಭವದಲ್ಲಿ ಮಕ್ಕಳು ಹೆಚ್ಚು ಕಳೆದುಕೊಳ್ಳುವುದು ಅಲ್ಲೇ. ಆ ಅವಧಿಯಲ್ಲಿ ಬೇರೆ ಯಾವ ಹೊಸದನ್ನೂ ಶುರು ಮಾಡಬೇಡಿ. ಶುರುವಿಗೆ ಮುಂಚೆ ಒಂದು ವಾರ, ಮುಗಿದ ಮೇಲೆ ಒಂದು ವಾರ, ಊಟದ ಹೊತ್ತಿನ ಹತ್ತು ನಿಮಿಷ ವಿಡಿಯೊ ಮಾಡಿ. ಎಷ್ಟು ಸಲ ತಾನಾಗಿ ಕೇಳಿದ ಎಂದು ಎಣಿಸುವ ಕೆಲಸವನ್ನು ನೀವು ಮಾಡಬೇಡಿ, ಸೂಜಿಯ ಸುದ್ದಿ ಗೊತ್ತಿಲ್ಲದ ಒಬ್ಬರಿಗೆ, ಊರಿನಲ್ಲಿರುವ ನಿಮ್ಮ ತಮ್ಮನಿಗೋ ತಂಗಿಗೋ, ಮುಂಚಿನದು ನಂತರದ್ದು ಎಂದು ಹೇಳದೆ ಕಳಿಸಿ ಎಣಿಸಿಹಾಕಿ.

ಇನ್ನು ಅತ್ತೆಯವರು. ಬಜೆ ಬೇಡ ಎಂದಷ್ಟೇ ಹೇಳಿ ಕೈ ಬರಿದು ಮಾಡಿದರೆ ಅವರು ನೊಂದುಕೊಳ್ಳುತ್ತಾರೆ. ರಾತ್ರಿ ಊಟವಾದ ಮೇಲೆ ಬೆಚ್ಚಗಿನ ಎಳ್ಳೆಣ್ಣೆಯಲ್ಲಿ ಮೊಮ್ಮಗನ ಅಂಗಾಲು, ಮೀನಖಂಡ, ಬೆನ್ನು ತಿಕ್ಕುವ ಹದಿನೈದು ನಿಮಿಷ ಅವರದಾಗಲಿ. ಅವನು ಕಾಲು ಹಿಂದೆಳೆದರೆ ನಿಲ್ಲಿಸಬೇಕು. ಮತ್ತೆ ಚಾಚಿದರೆ ‘ಇನ್ನೂ ಬೇಕಾ?’ ಎಂದು ಕೇಳಿ, ಐದು ಎಣಿಸುವಷ್ಟು ಹೊತ್ತು ಸುಮ್ಮನೆ ಕಾಯಬೇಕು.